ಹೊಲಿದ ಹಡಗು: ಪಡುಗಡಲ ನೌಕಾನಿರ್ಮಾಣದ ಒಂದು ವಿಚಾರ

೧

ಮುಂಬಯಿಯ ಬೋರಿವಿಲಿಯ ಮಗ್ಗುಲಲ್ಲಿರುವ ಎಕ್ಸಾರ್ ಗ್ರಾಮವು ಮಹಾನಗರದಲ್ಲಿ ಕರಗಿಹೋಗಿ ಬಹುಕಾಲವಾಯಿತು. ಆದರೂ ಅಲ್ಲಿಯ ವೀರಗಲ್ಲುಗಳ ಮುಂದೆ ನಿಂತ ಕನ್ನಡಿಗನಿಗೆ ತನ್ನ ಊರ ಹೊರಬಾಗಿಲಲ್ಲಿ ನಿಂತಂತೆಯೇ ತೋರುವುದು. ಕಲ್ಲನ್ನು ಪಟ್ಟಿಕೆಗಳಾಗಿ ವಿಭಾಗಿಸಿ, ಕೆಳಗೆ ಕಾಳಗವನ್ನೂ ಅದರ ಮೇಲೆ ವೀರನ ಸ್ವರ್ಗಾರೋಹಣವನ್ನೂ ತುದಿಯಲ್ಲಿ ಶಿವಪೂಜೆಯನ್ನೂ ಕಂಡರಿಸುವ ಅದೇ ಕ್ರಮ ಇಲ್ಲಿಯೂ ಇದೆ. ಭೇದವಿರುವುದು ಕಾಳಗ ನಡೆದ ಎಡೆಯಲ್ಲಿ. ಇವುಗಳಲ್ಲಿ ಕೆಲವು ಕಲ್ಲುಗಳ ವೀರರು ಮಡಿದುದು ಕಡಲಿನಲ್ಲಿ. ಎತ್ತರವಾದ ಹಿಂಬದಿಯುಳ್ಳ ಹಡಗುಗಳು, ಅವುಗಳ ನಡುವೆ ಎದ್ದುನಿಂತ ಕೂವೆಕಂಬಗಳು, ಬದಿಯಲ್ಲಿ ಒಂದೇ ಸಮನಾಗಿ ಚಾಚಿದ ಹುಟ್ಟುಗಳ ಸಾಲು, ಇವನ್ನು ಶಿಲ್ಪಿಯು ಬಿಡಿಬಿಡಿಯಾಗಿ ತೋರಿಸಿದ್ದಾನೆ. ಸುಮಾರು ೧೨೬೫ರಲ್ಲಿ ಸೇವುಣರ ಮಹಾದೇವನಿಗೂ ಉತ್ತರ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ನಡೆದ ನೌಕಾಯುದ್ಧದ ಸ್ಮಾರಕಗಳಿವು ಎಂದು ವಿದ್ವಾಂಸರು ಊಹಿಸಿದ್ದಾರೆ. ಆ ಯುದ್ಧದಲ್ಲಿ ಸೋಮೇಶ್ವರನು ಕಡಲಿನಲ್ಲಿಯೇ ಮುಳುಗಿದನೆಂಬುದು ಹೇಮಾದ್ರಿಯ ಮಾತಿನಿಂದ ತಿಳಿದುಬರುತ್ತದೆ. ಕನ್ನಡದಲ್ಲಿ ಹೇರಳವಾಗಿ ಶಾಸನಗಳನ್ನು ಬರೆಯಿಸಿದ ಸೇವುಣರ ಈ ವಿಜಯಕ್ಕೆ ಕಡಲೇ ರಣರಂಗವಾಗಿತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಆದರೆ ಇಷ್ಟೆಲ್ಲವನ್ನು ಹೇಳುವ ಕಲ್ಲು ಒಂದು ಮಾತನ್ನು ಮಾತ್ರ ಹೇಳುವುದಿಲ್ಲ. ಆ ಹಡಗುಗಳ ಹಲಗೆಗೆ ಹಲಗೆ ಕೂಡಿದುದು ಯಾವುದರಿಂದ? ಕಬ್ಬಿಣದ ಮೊಳೆಯಿಂದಲೋ, ತೆಂಗಿನ ನಾರಿನ ಹುರಿಯಿಂದಲೋ? ಪ್ರಶ್ನೆಯು ಬಡಗಿಯ ಕೊಟ್ಟಿಗೆಗೆ ಸೇರಿದ್ದೆಂದು ಮೇಲುನೋಟಕ್ಕೆ ಕಾಣಬಹುದು. ಆದರೆ ಪಡುಗಡಲಿನ ವಾಣಿಜ್ಯ, ಯುದ್ಧ ಮತ್ತು ಸಂಚಾರಗಳ ಸ್ವರೂಪವನ್ನು ಬಹುಮಟ್ಟಿಗೆ ನಿರ್ಣಯಿಸಿದುದು ಇದೇ. ನಮ್ಮ ಶಾಸನಗಳು ಬಾರಕೂರು, ಬಸರೂರು, ಭಟ್ಕಳ, ಹೊನ್ನಾವರಗಳ ಸೆಟ್ಟಿಕಾರರನ್ನೂ ನಖರ ಹಂಜಮಾನಗಳನ್ನೂ ಸುಂಕಗಳನ್ನೂ ಹೆಸರಿಸುತ್ತವೆ. ಸರಕು ಹೊತ್ತ ಹಡಗನ್ನು ಕಟ್ಟಿದವನ ಕೈಗೆಲಸವನ್ನು ವಿವರಿಸುವುದಿಲ್ಲ. ಆ ಕೊರತೆಯನ್ನು ಪರದೇಶೀಯರ ಬರಹಗಳಿಂದಲೂ, ಇಂದಿಗೂ ಉಳಿದಿರುವ ಕಸುಬಿನಿಂದಲೂ ತುಂಬಿಕೊಳ್ಳಬೇಕಾಗಿದೆ. ಹೀಗೆ ತುಂಬಿಕೊಂಡಾಗ ದೊರೆಯುವ ಚಿತ್ರವು, ಹೊಲಿದ ಹಡಗೆಂದರೆ ಕಬ್ಬಿಣವರಿಯದ ಹಿಂದುಳಿದ ಜನರ ಕೃತಿ ಎಂಬ ರೂಢಿಯ ಅಭಿಪ್ರಾಯಕ್ಕೆ ವಿರುದ್ಧವಾಗಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಹಲಗೆಗಳನ್ನು ಹುರಿಯಿಂದ ಹೊಲಿದು ನಾವೆಯನ್ನು ಕಟ್ಟುವ ಪದ್ಧತಿ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಸಾಂಚಿಯ ಮಹಾಸ್ತೂಪದ ಮೂಡಣ ತೋರಣದಲ್ಲಿ ಹಲಗೆಗಳ ಸಂದಿಯುದ್ದಕ್ಕೂ ಹೊಲಿಗೆ ಹಾಕಿದ ಚಿಕ್ಕ ದೋಣಿಯೊಂದನ್ನು ಕಂಡರಿಸಲಾಗಿದೆ. ಕ್ರಿಸ್ತಶಕ ಒಂದನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥವು ಪಾರಸಿಕ ಖಾರಿಯ ಕಡೆಯ ಹೊಲಿದ ದೋಣಿಗಳನ್ನು ಹೆಸರಿಸುತ್ತದೆ. ೧೧೮೩ರಲ್ಲಿ ಕೆಂಪುಸಮುದ್ರವನ್ನು ದಾಟಿದ ಇಬ್ನ್ ಜುಬೈರನು ತಾನು ಕಂಡ ನಾವೆಗಳಲ್ಲಿ ಒಂದೂ ಮೊಳೆಯಿರಲಿಲ್ಲವೆಂದೂ, ಅವನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರೆಂದೂ, ಅವುಗಳ ಮರವು ಹಿಂದೂದೇಶದಿಂದಲೂ ಯೆಮನಿನಿಂದಲೂ ಬರುತ್ತಿತ್ತೆಂದೂ ಬರೆದಿದ್ದಾನೆ. ಮರುಭೂಮಿಯ ಅರೇಬಿಯದಲ್ಲಿ ದೊಡ್ಡ ಮರವೂ ಇಲ್ಲ, ಕತ್ತದ ಹುರಿಯೂ ವಿರಳ. ಆದುದರಿಂದ ನಾವು ‘ಅರಬರ ಹಡಗು’ ಎಂದು ಕರೆಯುವ ನೌಕೆಯ ಮೈಯೂ ನರವೂ ಬಹುಪಾಲು ಸಹ್ಯಾದ್ರಿಯ ಕಾಡಿನಿಂದಲೂ ಪಡುವಣ ಕರೆಯ ತೋಟಗಳಿಂದಲೂ ಹೋದವು ಎನ್ನಲು ಅಡ್ಡಿಯಿಲ್ಲ.

ಈ ಪದ್ಧತಿಯನ್ನು ಹಳಿದವರಲ್ಲಿ ವೆನಿಸಿನ ಮಾರ್ಕೊ ಪೋಲೊ ಪ್ರಸಿದ್ಧನು. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಹೊರ್ಮುಜಿನ ಹಡಗುಗಳನ್ನು ಕಂಡ ಅವನು, ಒಂದು ಕೂವೆ, ಒಂದು ಹಾಯಿ, ಒಂದು ಚುಕ್ಕಾಣಿ ಮಾತ್ರವುಳ್ಳ, ಮೇಲ್ಮಾಳಿಗೆಯಿಲ್ಲದ ಇವುಗಳಲ್ಲಿ ಪಯಣಿಸುವುದು ಅಪಾಯವೆಂದು ಹೇಳಿದ್ದಾನೆ. ಸರಕಿನ ಮೇಲೆ ತೊಗಲನ್ನು ಹೊದಿಸಿ, ಅದರ ಮೇಲೆ ಹಿಂದೂದೇಶಕ್ಕೆ ಮಾರಲು ಒಯ್ಯುವ ಕುದುರೆಗಳನ್ನು ನಿಲ್ಲಿಸುತ್ತಿದ್ದರೆಂಬ ಅವನ ಮಾತು ನಮಗೆ ಮುಖ್ಯವಾದುದು. ದಕ್ಷಿಣದ ಅರಸರ ಅಶ್ವಬಲವು, ಮುಂದೆ ವಿಜಯನಗರದ ಕಾಲದಲ್ಲಿ ಭಟ್ಕಳ ಹೊನ್ನಾವರಗಳಲ್ಲಿ ಇಳಿದ ಸಾವಿರಾರು ಕುದುರೆಗಳೂ ಸೇರಿ, ಕಡಲನ್ನು ದಾಟಿ ಬಂದುದು ಬಹುಮಟ್ಟಿಗೆ ಹೊರ್ಮುಜಿನ ದಾರಿಯಿಂದ.

ಪೋಲೊ ಹಳಿದುದನ್ನೇ ಇಬ್ನ್ ಬತೂತನು ಸಮರ್ಥಿಸುತ್ತಾನೆ. ಇವನು ೧೩೪೦ರ ದಶಕದಲ್ಲಿ ಹೊನ್ನಾವರದಲ್ಲಿ ತಂಗಿದ್ದು, ಅಲ್ಲಿಯ ಅರಸು ಜಮಾಲುದ್ದೀನನು ಗೋವೆಯ ಮೇಲೆ ನೌಕಾದಳವನ್ನು ಕೊಂಡೊಯ್ದಾಗ ತಾನೂ ಜೊತೆಗೂಡಿದವನು; ನಮ್ಮ ಕರೆಯ ಹಡಗುಗಳನ್ನು ಬಲ್ಲವನು. ಹಿಂದೂದೇಶದ ಮತ್ತು ಯೆಮನಿನ ನೌಕೆಗಳನ್ನು ಕತ್ತದ ಹುರಿಯಿಂದ ಹೊಲಿಯುವ ಕಾರಣವನ್ನು ಅವನು ಸ್ಪಷ್ಟವಾಗಿ ಹೇಳಿದ್ದಾನೆ: ಈ ಕಡಲಿನಲ್ಲಿ ಬಂಡೆಗಳು ಬಹಳ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದೊಡನೆ ಒಡೆಯುತ್ತದೆ, ಹೊಲಿದ ಹಡಗು ಬಾಗಿ ಬಳುಕಿ ಉಳಿದುಕೊಳ್ಳುತ್ತದೆ.

ನಮ್ಮ ದೇಶದ ಗ್ರಂಥಗಳಲ್ಲಿ ಭೋಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಬೇರೊಂದು ಕಾರಣವನ್ನು ಕೊಡುತ್ತದೆ. ಸಮುದ್ರಯಾನದ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಬಂಧಿಸಬಾರದು, ಏಕೆಂದರೆ ಕಡಲಿನಲ್ಲಿರುವ ಸೂಜಿಗಲ್ಲಿನ ಬಂಡೆಗಳು ಅದನ್ನು ಸೆಳೆದುಕೊಳ್ಳುತ್ತವೆ ಎಂಬುದು ಅದರ ಮತ. ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಇತಿಹಾಸದಿಂದ ಈ ಗ್ರಂಥವು ವಿದ್ವಲ್ಲೋಕಕ್ಕೆ ಪರಿಚಿತವಾಯಿತು. ಸೂಜಿಗಲ್ಲಿನ ಬೆಟ್ಟವು ಕಟ್ಟುಕಥೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ‘ಕಬ್ಬಿಣದ ಹಡಗಿಗೆ ಬಂಡೆಯಿಂದ ಕೇಡು’ ಎಂಬ ನಾವಿಕರ ಅನುಭವವೇ ದಡದ ಪಂಡಿತನ ಕಿವಿಗೆ ಬೀಳುವಷ್ಟರಲ್ಲಿ ಈ ಕಥೆಯ ವೇಷವನ್ನು ತೊಟ್ಟಿತೆಂದು ತೋರುತ್ತದೆ.

೩

ಕಬ್ಬಿಣದ ಅಭಾವದಿಂದಲೇ ನಮ್ಮವರು ನಾರಿಗೆ ಶರಣಾದರೇ ಎಂಬ ಪ್ರಶ್ನೆಗೆ ಮಂಗಳೂರೇ ಉತ್ತರ ಕೊಡುತ್ತದೆ. ಕೈರೊ ನಗರದ ಹಳೆಯ ಯಹೂದ್ಯ ಪ್ರಾರ್ಥನಾಮಂದಿರವೊಂದರಲ್ಲಿ ಶತಮಾನಗಳಿಂದ ರಾಶಿ ಬಿದ್ದಿದ್ದ ಕಾಗದಪತ್ರಗಳಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಪತ್ರಗಳೂ ಲೆಕ್ಕಗಳೂ ದೊರೆತವು. ಈತನು ಸುಮಾರು ೧೧೩೨ರಿಂದ ೧೧೪೯ರವರೆಗೆ ಮಲಬಾರ್ ಕರೆಯಲ್ಲಿದ್ದು, ಮಂಗಳೂರನ್ನು ತನ್ನ ನೆಲೆಯಾಗಿ ಮಾಡಿಕೊಂಡಿದ್ದವನು. ಈತನ ಊಳಿಗದವನಾಗಿ ಏಡನಿನವರೆಗೂ ಹೋಗಿಬರುತ್ತಿದ್ದವನನ್ನು ಬೊಮ್ಮ ಎಂಬ ತುಳುನಾಡಿನವನೆಂದು ವಿದ್ವಾಂಸರು ಗುರುತಿಸಿದ್ದಾರೆ. ೧೯೯೨ರಲ್ಲಿ ಹೊರಬಂದ ಅಮಿತಾವ್ ಘೋಷರ ಗ್ರಂಥದಿಂದ ಈ ವೃತ್ತಾಂತವು ಸಾಮಾನ್ಯ ಓದುಗರಿಗೂ ತಿಳಿದಿದೆ. ಆ ಪತ್ರಗಳಲ್ಲಿ ಮಂಗಳೂರಿನ ಕಡೆಯಿಂದ ಏಡನಿಗೆ ಹೋಗುತ್ತಿದ್ದ ಸರಕುಗಳ ಪಟ್ಟಿಯಿದೆ. ಮೆಣಸು, ಅಡಕೆ, ಏಲಕ್ಕಿಗಳ ಜೊತೆಗೆ ಮತ್ತೆಮತ್ತೆ ಬರುವ ಸರಕು ಕಬ್ಬಿಣ.

ಇದನ್ನು ಕುರಿತು ಸ್ವಲ್ಪ ನಿಂತು ಯೋಚಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಈ ಕರೆಯ ರೇವುಗಳಿಂದ ಕಬ್ಬಿಣವು ಹೊರದೇಶಕ್ಕೆ ಹೋಗುತ್ತಿತ್ತು. ಅದೇ ಶತಮಾನದಲ್ಲಿ ಇಬ್ನ್ ಜುಬೈರನು ಈ ಕಡಲಿನ ನಾವೆಗಳಲ್ಲಿ ಮೊಳೆಯೇ ಇಲ್ಲವೆಂದು ಬರೆದನು. ಕಬ್ಬಿಣವು ಹೊಲಿದ ಹಡಗಿನ ಹೊಟ್ಟೆಯಲ್ಲಿ ಸರಕಾಗಿತ್ತು. ಅದರ ಮೈಯಲ್ಲಿ ಮೊಳೆಯಾಗಿರಲಿಲ್ಲ. ಕಮ್ಮಾರನಿದ್ದನು, ಅದಿರಿತ್ತು, ಮೊಳೆಯ ಅರಿವೂ ಇತ್ತು. ಆದರೂ ಹಡಗಿನ ಬಡಗಿಯು ಹುರಿಯನ್ನೇ ಆರಿಸಿಕೊಂಡನೆಂದರೆ ಅದು ಆಯ್ಕೆಯೇ ಹೊರತು ಅಜ್ಞಾನವಲ್ಲ. ಆ ಆಯ್ಕೆಯ ಹಿಂದಿನ ನ್ಯಾಯವನ್ನು ತಿಳಿಯಬೇಕಾದರೆ ಹಡಗು ಕಟ್ಟುವ ಬಗೆಯನ್ನೇ ನೋಡಬೇಕು.

೪

ಇಂದು ನಾವು ಕಾಣುವ ಮರದ ಹಡಗಿನಲ್ಲಿ ಸಾಮಾನ್ಯವಾಗಿ ಮೊದಲು ಅಡಿಮರ, ಅದರ ಮೇಲೆ ಪಕ್ಕೆಲುಬಿನಂತಹ ಬಾಗುಮರಗಳ ಚೌಕಟ್ಟು, ಕೊನೆಯಲ್ಲಿ ಆ ಚೌಕಟ್ಟಿಗೆ ಹೊರಗಿನಿಂದ ಹಲಗೆ. ಹೊಲಿದ ಹಡಗಿನ ಕ್ರಮ ಇದಕ್ಕೆ ತಿರುಗುಮುರುಗು. ಅಡಿಮರವನ್ನಿಟ್ಟು, ಮುಂದಣ ಹಿಂದಣ ಏರುಮರಗಳನ್ನು ನಿಲ್ಲಿಸಿದ ಮೇಲೆ, ಹಲಗೆಯ ಅಂಚಿಗೆ ಹಲಗೆಯ ಅಂಚನ್ನು ಕೂಡಿಸುತ್ತ ಚಿಪ್ಪಿನಂತೆ ಮೈಯನ್ನು ಮೊದಲು ಬೆಳೆಸುತ್ತಾರೆ. ಒಳಗಣ ಪಕ್ಕೆಮರಗಳನ್ನು ಅನಂತರ ಆ ಮೈಗೆ ಹೊಂದುವಂತೆ ಕೆತ್ತಿ ಅದೇ ಹುರಿಯಿಂದ ಬಿಗಿಯುತ್ತಾರೆ. ಆದುದರಿಂದ ಹಡಗಿನ ಆಕಾರವು ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಒಂದೊಂದು ಹಲಗೆಯ ಬಾಗನ್ನೂ ಕಣ್ಣಳತೆಯಿಂದ ನಿಶ್ಚಯಿಸುವ ಮೇಸ್ತ್ರಿಯ ಮನಸ್ಸಿನಲ್ಲಿ ಅದಿತ್ತು.

ಮರದ ಆಯ್ಕೆಯೇ ಒಂದು ಶಾಸ್ತ್ರ. ಹಲಗೆಗೆ ಸಾಗುವಾನಿ ಮತ್ತು ಹೆಬ್ಬಲಸು ಪ್ರಶಸ್ತವಾದವು. ಹೆಬ್ಬಲಸು ಉದ್ದವಾಗಿ ನೇರವಾಗಿ ಬೆಳೆಯುವುದಲ್ಲದೆ ಉಪ್ಪುನೀರನ್ನು ಚೆನ್ನಾಗಿ ತಾಳುತ್ತದೆ. ಕೂವೆಕಂಬಕ್ಕೆ ಕನ್ನಡ ಜಿಲ್ಲೆಗಳ ಘಟ್ಟದ ಸುರಹೊನ್ನೆಯ ಜಾತಿಯ ಮರ ಹೆಸರಾದುದು. ಆಂಗ್ಲರ ನೌಕಾಪಡೆಯೂ ಇದನ್ನು ಹುಡುಕಿಕೊಂಡು ಬರುತ್ತಿತ್ತು. ಕಾಡಿನ ಕೆಲವು ಕಡೆ ಈ ಮರವನ್ನೇ ‘ಕೂವೆ’ ಎಂದು ಕರೆಯುವುದುಂಟು. ಮರದಿಂದ ಕಂಬಕ್ಕೆ ಹೆಸರು ಬಂದಿತೋ ಕಂಬದಿಂದ ಮರಕ್ಕೆ ಬಂದಿತೋ ಭಾಷಾಶಾಸ್ತ್ರಜ್ಞರು ವಿಚಾರಿಸಬೇಕು. ಘಟ್ಟದ ಮೇಲಿನ ಮರವೊಂದು ಕಡಲಿನ ಶಬ್ದವನ್ನು ಹೊತ್ತು ನಿಂತಿರುವುದು ಎರಡರ ನಡುವಣ ಹಳೆಯ ನಂಟನ್ನು ಸೂಚಿಸುತ್ತದೆ.

ಹಲಗೆಗಳನ್ನು ಬಿಸಿ ಹಬೆಯಲ್ಲಿಯೋ ಬೆಂಕಿಯ ಕಾವಿನಲ್ಲಿಯೋ ಮೆತ್ತಗೆ ಮಾಡಿ ಬಾಗಿಸುತ್ತಾರೆ. ಅಂಚುಗಳನ್ನು ಒಂದಕ್ಕೊಂದು ಕೂದಲೆಳೆಯೂ ನುಗ್ಗದಂತೆ ಹೆರೆದು ಹೊಂದಿಸಿ, ಅಂಚಿನುದ್ದಕ್ಕೂ ಸಮಾನ ಅಂತರದಲ್ಲಿ ಎದುರುಬದುರಾಗಿ ತೂತುಗಳನ್ನು ಕೊರೆಯುತ್ತಾರೆ. ಒಳಗಡೆ ಸಂದಿಯ ಮೇಲೆ ನಾರಿನ ದಪ್ಪ ಸುರುಳಿಯನ್ನಿಟ್ಟು, ಇಬ್ಬರು ಕೆಲಸಗಾರರು ಒಬ್ಬನು ಒಳಗೆ ಒಬ್ಬನು ಹೊರಗೆ ನಿಂತು, ಹುರಿಯನ್ನು ತೂತಿನಿಂದ ತೂತಿಗೆ ನೀಡುತ್ತ, ಸನ್ನೆಗೋಲಿನಿಂದ ಎಳೆದು ಬಿಗಿಯುತ್ತ ಹೋಗುತ್ತಾರೆ. ಹುರಿಯು ಸುರುಳಿಯನ್ನು ಅಮುಕುತ್ತದೆ, ಸುರುಳಿಯು ಸಂದಿಯನ್ನು ಮುಚ್ಚುತ್ತದೆ. ಬಳಿಕ ತೂತುಗಳಿಗೆ ನಾರನ್ನು ತುರುಕಿ ರಾಳ ಎಣ್ಣೆಗಳ ಮಿಶ್ರಣವನ್ನು ತುಂಬುತ್ತಾರೆ. ಮೈಗೆಲ್ಲ ಮೀನೆಣ್ಣೆ, ನೀರಿನೊಳಗಣ ಭಾಗಕ್ಕೆ ಮರ ಕೊರೆಯುವ ಕಡಲಹುಳು ಹತ್ತದಂತೆ ಸುಣ್ಣ ಕೊಬ್ಬುಗಳ ಲೇಪ. ಹುರಿಯನ್ನು ಮಾಡುವ ನಾರು ಕೂಡ ಸಿದ್ಧವಾಗುವುದು ಹಿನ್ನೀರಿನಲ್ಲಿಯೇ. ತೆಂಗಿನ ಸಿಪ್ಪೆಯನ್ನು ಅನೇಕ ತಿಂಗಳು ಉಪ್ಪು ಬೆರೆತ ನೀರಿನಲ್ಲಿ ಕೊಳೆಯಿಸಿ, ಬಡಿದು ಬಿಡಿಸಿ ಹೊಸೆದ ಹುರಿ ಅದು. ಸಿಹಿನೀರಿನಲ್ಲಿ ಬೇಗ ಕೆಡುವ ಈ ಹುರಿ ಕಡಲನೀರಿನಲ್ಲಿ ಬಹುಕಾಲ ಬಾಳುತ್ತದೆ. ಕಬ್ಬಿಣದ ಗುಣ ಇದಕ್ಕೆ ವಿರುದ್ಧವಾದುದು ಎಂಬುದನ್ನು ಓದುಗರು ಗಮನಿಸಬೇಕು.

ಹೀಗೆ ಕಟ್ಟಿದ ಹಡಗು ಅಲೆಯ ಹೊಡೆತಕ್ಕೆ ಎದೆಯೊಡ್ಡುವುದಿಲ್ಲ, ಮೈಯನ್ನು ಸ್ವಲ್ಪ ಬಳುಕಿಸಿ ಹೊಡೆತವನ್ನು ತನ್ನೊಳಗೆ ಹಂಚಿಕೊಳ್ಳುತ್ತದೆ. ಮೊಳೆಯ ಹಡಗಿನಲ್ಲಿ ಹೊಡೆತದ ಭಾರವೆಲ್ಲ ಕೆಲವೇ ಮೊಳೆಗಳ ಮೇಲೆ ಬಿದ್ದು ಅವುಗಳ ಸುತ್ತಣ ಮರ ಸೀಳುವುದು. ಹೊಲಿದ ಹಡಗಿನಲ್ಲಿ ಅದು ನೂರಾರು ಹೊಲಿಗೆಗಳಿಗೆ ಹಂಚಿಹೋಗುವುದು. ಮದರಾಸಿನಲ್ಲಿರುವ ನಮ್ಮ ಮಿತ್ರರಿಗೆ ಇದರ ನಿದರ್ಶನ ದೂರವಿಲ್ಲ. ಬಂದರನ್ನು ಕಟ್ಟುವ ಮೊದಲು ದೊಡ್ಡ ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಭಯಂಕರವಾದ ಅಲೆಗಳನ್ನು ಸೀಳಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ‘ಮಸೂಲ’ ದೋಣಿಗಳು. ಪಕ್ಕೆಮರವೂ ಇಲ್ಲದ, ಬರಿಯ ಹೊಲಿಗೆಯಿಂದಲೇ ನಿಂತ ಈ ದೋಣಿಗಳು ಮರಳಿಗೆ ಧೊಪ್ಪನೆ ಬಿದ್ದರೂ ಒಡೆಯುತ್ತಿರಲಿಲ್ಲ. ಆಂಗ್ಲರ ಗಟ್ಟಿಮುಟ್ಟಾದ ಚಿಕ್ಕ ದೋಣಿಗಳು ಅದೇ ಅಲೆಗಳಲ್ಲಿ ಚೂರಾಗುತ್ತಿದ್ದವು.

ನಮ್ಮ ಪಡುವಣ ಕರೆಯ ಅಳಿವೆಗಳ ಸ್ಥಿತಿಯೂ ಬೇರೆಯಲ್ಲ. ಶರಾವತಿ, ಗಂಗೊಳ್ಳಿ, ನೇತ್ರಾವತಿ, ಎಲ್ಲೆಡೆಯೂ ನದೀಮುಖಕ್ಕೆ ಅಡ್ಡಲಾಗಿ ಮರಳದಿಣ್ಣೆ. ಹಡಗು ಒಳಬರುವಾಗ ಅಡಿ ತಾಗದೆ ಇರುವುದು ಅಪರೂಪ. ಅಲ್ಲದೆ ಮಳೆಗಾಲದ ಮೂರು ನಾಲ್ಕು ತಿಂಗಳು ಕಡಲು ಮುಚ್ಚಿಹೋಗುತ್ತದೆ; ಹಡಗನ್ನು ದಡಕ್ಕೆಳೆದು ಸೋಗೆಯ ಚಪ್ಪರದ ಅಡಿಯಲ್ಲಿ ನಿಲ್ಲಿಸಬೇಕು. ಹೊಲಿದ ಹಡಗಿನ ಬಹುದೊಡ್ಡ ದೋಷವೆಂದರೆ ಹುರಿಯು ಸಡಿಲುವುದು, ಆಗಾಗ ಬಿಚ್ಚಿ ಮರಳಿ ಹೊಲಿಯಬೇಕಾಗುವುದು. ಈ ಕೆಲಸಕ್ಕೆ ಬೇಕಾದ ಬಿಡುವನ್ನು ಮುಂಗಾರು ಪ್ರತಿವರ್ಷವೂ ತಾನಾಗಿ ಕೊಡುತ್ತಿತ್ತು. ಶ್ರಾವಣದ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿಯನ್ನರ್ಪಿಸಿ ನೌಕೆಗಳನ್ನು ಮರಳಿ ನೀರಿಗಿಳಿಸುವ ಹೊತ್ತಿಗೆ ಹಡಗಿನ ಹೊಲಿಗೆಯೂ ಹೊಸದಾಗಿರುತ್ತಿತ್ತು. ಮರ, ನಾರು, ಅಳಿವೆ, ಮಳೆಗಾಲ, ಈ ನಾಲ್ಕನ್ನೂ ಒಟ್ಟಿಗೆ ನೋಡಿದಾಗಲೇ ಬಡಗಿಯ ಆಯ್ಕೆಯ ಔಚಿತ್ಯ ಗೋಚರವಾಗುವುದು.

೫

ಹಡಗಿನ ಮೈ ಎಷ್ಟು ಚೆನ್ನಾಗಿದ್ದರೂ ಅದನ್ನು ನಡೆಸುವುದು ಗಾಳಿ. ಹಾಯಿಯ ಕಾರ್ಯವನ್ನು ಕುರಿತು ನಮ್ಮಲ್ಲಿ ಅನೇಕರಿಗೆ ಅರ್ಧ ತಿಳಿವಳಿಕೆಯುಂಟು. ಗಾಳಿಯು ಹಿಂದಿನಿಂದ ಬೀಸಿದಾಗ ಹಾಯಿಯು ಅದನ್ನು ತಡೆದು ಹಡಗನ್ನು ಮುಂದೂಡುವುದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಗಾಳಿಯು ಪಕ್ಕದಿಂದ, ಕೆಲವೊಮ್ಮೆ ಎದುರಿನ ಓರೆಯಿಂದಲೂ ಬೀಸುವಾಗ ಹಡಗು ಮುಂದೆ ಸಾಗುವುದೆಂತು? ಉಬ್ಬಿದ ಹಾಯಿಯ ಹೊರಮೈಯನ್ನು ಸವರಿ ಹೋಗುವ ಗಾಳಿಗೆ ವೇಗ ಹೆಚ್ಚು, ಒತ್ತಡ ಕಡಿಮೆ. ಒಳಮೈಯಲ್ಲಿ ಒತ್ತಡ ಅಧಿಕ. ಈ ಭೇದದಿಂದ ಹಾಯಿಯ ಮೇಲೆ ಒಂದು ಸೆಳೆತ ಹುಟ್ಟುತ್ತದೆ. ಅದರ ಬಹುಭಾಗ ಪಕ್ಕಕ್ಕೆ, ಒಂದು ಭಾಗ ಮುಂದಕ್ಕೆ. ನೀರಿನಲ್ಲಿ ಮುಳುಗಿದ ಅಡಿಮರವೂ ಹೊಟ್ಟೆಯೂ ಹಡಗನ್ನು ಪಕ್ಕಕ್ಕೆ ಸರಿಯಗೊಡುವುದಿಲ್ಲ. ಉಳಿದ ದಾರಿ ಮುಂದಿನದೊಂದೇ. ನೆನೆದ ಹುಣಿಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುವುದಷ್ಟೆ. ಗಾಳಿ ಒಂದು ಬೆರಳು, ನೀರು ಇನ್ನೊಂದು ಬೆರಳು. ನೇರವಾಗಿ ಗಾಳಿಯ ಮೋರೆಗೆ ಮಾತ್ರ ಯಾವ ಹಾಯಿಹಡಗೂ ಹೋಗಲಾರದು. ಅಲ್ಲಿಗೆ ಹೋಗಬೇಕಾದರೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ, ಘಟ್ಟದ ದಾರಿಯ ತಿರುವುಗಳಂತೆ, ಏರುತ್ತ ಹೋಗಬೇಕು.

ಯಜ್ಞಶ್ರೀ ಶಾತಕರ್ಣಿಯ ನಾಣ್ಯಗಳ ಎರಡು ಕೂವೆಯ ಹಡಗು, ಅಜಂತೆಯ ಎರಡನೆಯ ಗುಹೆಯ ಚಿತ್ರದಲ್ಲಿರುವ ಮೂರು ಕೂವೆಯ ಹಡಗು, ಇವು ನಮ್ಮ ಪ್ರಾಚೀನ ಹಡಗುಗಳ ರೂಪವನ್ನು ಉಳಿಸಿವೆ. ಅಜಂತೆಯ ಹಡಗಿಗೆ ನಾಲ್ಕು ಮೂಲೆಯ ಎತ್ತರದ ಹಾಯಿಗಳಿವೆ. ಅನಂತರದ ಶತಮಾನಗಳಲ್ಲಿ ಪಡುಗಡಲಿನಲ್ಲಿ ನೆಲೆಗೊಂಡುದು ಓರೆಹಾಯಿ. ಇದನ್ನು ಚೆನ್ನಾಗಿ ಬಲ್ಲವರು ನಮ್ಮ ಹಿಂದಣ ಪೀಳಿಗೆಯವರು, ಏಕೆಂದರೆ ಮುಂಬಯಿಗೂ ಮಂಗಳೂರಿಗೂ ನಡುವೆ ಓಡಾಡುತ್ತಿದ್ದ ಪತ್ತೆಮಾರಿಯ ಹಾಯಿ ಇದೇ.

ಪತ್ತೆಮಾರಿಯು ಎರಡು ಕೂವೆಯ ಸರಕಿನ ಹಡಗು. ದೊಡ್ಡವು ಸುಮಾರು ೭೫ ಅಡಿ ಉದ್ದವಿದ್ದು ೨೦೦ ಟನ್ನಿನಷ್ಟು ಹೊರೆಯನ್ನು ಹೊರುತ್ತಿದ್ದವು. ಅದರ ಕೂವೆಯು ನೆಟ್ಟಗೆ ನಿಲ್ಲದೆ ಮುಂದಕ್ಕೆ ವಾಲಿರುತ್ತದೆ. ಕಾರಣವಿಲ್ಲದೆ ಅಲ್ಲ. ಹಾಯಿಯನ್ನು ಕಟ್ಟಿದ ಉದ್ದನೆಯ ಓರೆಗಳುವು ಕೂವೆಯ ತುದಿಯಿಂದ ತೂಗುತ್ತದೆ. ಕೂವೆ ಮುಂದಕ್ಕೆ ವಾಲಿದಷ್ಟೂ ಗಳುವು ಕಂಬಕ್ಕೆ ತಾಗದೆ ಆಡಲು ಎಡೆ ದೊರೆಯುತ್ತದೆ. ದಿಕ್ಕು ಬದಲಾಯಿಸಬೇಕಾದಾಗ ಹಡಗಿನ ಬೆನ್ನನ್ನು ಗಾಳಿಗೆ ತಿರುಗಿಸಿ, ಗಳುವನ್ನು ನೆಟ್ಟಗೆ ನಿಲ್ಲಿಸಿ, ಕೂವೆಯ ಮುಂದಿನಿಂದ ಇನ್ನೊಂದು ಬದಿಗೆ ದಾಟಿಸುತ್ತಾರೆ. ಬಲವಾದ ಗಾಳಿಯಲ್ಲಿ, ರಾತ್ರಿಯಲ್ಲಿ, ಇದು ಪ್ರಾಣಾಪಾಯದ ಕೆಲಸ. ಪತ್ತೆಮಾರಿಯ ಅಡಿಮರವೂ ವಿಲಕ್ಷಣವಾದುದು: ನಡುವೆ ಮೇಲಕ್ಕೆ ಕಮಾನಿನಂತೆ ಬಾಗಿರುತ್ತದೆ. ಇದರಿಂದ ಮುಂಬದಿಯು ನೀರಿನಲ್ಲಿ ಆಳವಾಗಿ ಇಳಿದು ಪಕ್ಕಕ್ಕೆ ಜಾರುವುದನ್ನು ತಡೆಯುತ್ತದೆ.

ಕರೆಯುದ್ದಕ್ಕೂ ಬಡಗಣಕ್ಕೆ ಹೋಗುವ ಹಡಗಿಗೆ ಈ ರಚನೆ ಏಕೆ ಬೇಕೆಂಬುದು ಗಾಳಿಯ ದಿನಚರಿಯನ್ನು ತಿಳಿದರೆ ಸ್ಪಷ್ಟವಾಗುತ್ತದೆ. ಮಳೆ ಕಳೆದ ತಿಂಗಳುಗಳಲ್ಲಿ ಇಲ್ಲಿ ಬೀಸುವ ಮುಖ್ಯವಾದ ಗಾಳಿ ವಾಯುವ್ಯದ್ದು. ಮಂಗಳೂರಿನಿಂದ ಮುಂಬಯಿಗೆ ಹೋಗುವವನಿಗೆ ಹೆಚ್ಚುಕಡಮೆ ಎದುರುಗಾಳಿ. ಆದರೆ ರಾತ್ರಿಯ ಕಡೆಯ ಜಾವದಲ್ಲಿ ತಂಪಾದ ನೆಲದಿಂದ ಕಡಲಿನ ಕಡೆಗೆ ನೆಲಗಾಳಿ ಬೀಸುತ್ತದೆ. ಮಧ್ಯಾಹ್ನದ ಬಳಿಕ ಕಾದ ನೆಲದ ಕಡೆಗೆ ಕಡಲಗಾಳಿ ಬರುತ್ತದೆ. ತಾಂಡೇಲನು ಬೆಳಗಿನ ನೆಲಗಾಳಿಯನ್ನು ಹಿಡಿದು ಓರೆಯಾಗಿ ಹೊರಗಡಲಿಗೆ ಹೋಗುವನು. ಮಧ್ಯಾಹ್ನದ ಕಡಲಗಾಳಿಯನ್ನು ಹಿಡಿದು ಮತ್ತೆ ಓರೆಯಾಗಿ ದಡದತ್ತ ಬರುವನು. ದಿನಕ್ಕೊಂದು ತಿರುವು, ಪ್ರತಿ ತಿರುವಿಗೂ ಸ್ವಲ್ಪ ಬಡಗಣಕ್ಕೆ ಏರಿಕೆ. ಶಿವಾಜಿಯ ೧೬೬೫ರ ಬಸರೂರು ದಾಳಿಯನ್ನು ಈ ದೃಷ್ಟಿಯಿಂದ ನೋಡಬಹುದು. ಆ ವರ್ಷದ ಫೆಬ್ರವರಿಯಲ್ಲಿ ಅವನು ೮೫ ಚಿಕ್ಕ ಯುದ್ಧನೌಕೆಗಳನ್ನೂ ೩ ದೊಡ್ಡ ಹಡಗುಗಳನ್ನೂ ಕೂಡಿಕೊಂಡು ಮಾಲವಣದಿಂದ ತೆಂಕಣಕ್ಕೆ ಬಂದು ಕೆಳದಿಯವರ ಸಿರಿವಂತ ಪಟ್ಟಣವನ್ನು ಸೂರೆಗೊಂಡನು. ಮರಳುವಾಗ ಗೋಕರ್ಣದಲ್ಲಿ ಬಹುಪಾಲು ನೌಕೆಗಳನ್ನು ಕಳುಹಿಸಿಬಿಟ್ಟು ಅಂಕೋಲೆ ಕಾರವಾರಗಳ ದಾರಿಯಾಗಿ ನೆಲದ ಮೇಲೆ ಸಾಗಿದನು. ಅದರ ರಾಜಕೀಯ ಕಾರಣಗಳು ಏನೇ ಇರಲಿ, ಫೆಬ್ರವರಿಯ ಗಾಳಿಯಲ್ಲಿ ಬಸರೂರಿಗೆ ಬರುವುದು ಇಳಿಜಾರು, ಮರಳುವುದು ಏರು ಎಂಬುದನ್ನು ಇತಿಹಾಸಕಾರನು ಮರೆಯಬಾರದು.

೬

ಹಾಗಾದರೆ ಮೊಳೆಯು ಹಡಗನ್ನು ಸೇರಿದುದು ಯಾವಾಗ? ಪೋರ್ಚುಗೀಜರು ಬಂದು ಕಲಿಸಿದರೆಂಬುದು ಸಾಮಾನ್ಯ ಉತ್ತರ. ಇದು ಪೂರ್ಣ ಸತ್ಯವಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಕಲ್ಲಿಕೋಟೆಯ ರೇವಿನಲ್ಲಿ ಚೀನೀಯರ ಮೊಳೆ ಹೊಡೆದ ಬೃಹನ್ನೌಕೆಗಳನ್ನು ಇಬ್ನ್ ಬತೂತನು ಕಂಡಿದ್ದನು. ಹದಿನಾರನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಲಿಕೋಟೆಗೆ ಬಂದು ೧೫೧೦ರಲ್ಲಿ ತನ್ನ ಪ್ರವಾಸಕಥನವನ್ನು ಪ್ರಕಟಿಸಿದ ಇಟಲಿಯ ವರ್ತೆಮನು, ಅಲ್ಲಿಯ ಬಡಗಿಗಳು ಹಲಗೆಗಳನ್ನು ಸಂದಿ ಕಾಣದಂತೆ ಕೂಡಿಸಿ ಲೆಕ್ಕವಿಲ್ಲದಷ್ಟು ಕಬ್ಬಿಣದ ಮೊಳೆಗಳನ್ನು ಹೊಡೆಯುತ್ತಿದ್ದರೆಂದು ಹೇಳುತ್ತಾನೆ. ಪರದೇಶೀಯರನ್ನು ಅನುಕರಿಸಲು ನಮ್ಮ ಬಡಗಿಗಳಿಗೆ ಅಷ್ಟರಲ್ಲಿ ಅವಕಾಶವಾಗಿದ್ದಿರಲಾರದು. ಆದುದರಿಂದ ದೊಡ್ಡ ಹಡಗುಗಳಲ್ಲಿ ಮೊಳೆಯ ಬಳಕೆ ಅದಕ್ಕೆ ಮೊದಲೇ ತೊಡಗಿತ್ತೆಂದು ತಿಳಿಯಬೇಕು. ಹಡಗಿನ ಉದ್ದ ಹೆಚ್ಚಿದಂತೆ ಬಳುಕು ಗುಣವಾಗಿದ್ದುದು ದೋಷವಾಗುವುದು ಸಹಜ.

ಪೋರ್ಚುಗೀಜರಿಂದಾದ ಬದಲಾವಣೆ ಬೇರೆ ಬಗೆಯದು. ೧೪೯೮ರಲ್ಲಿ ವಾಸ್ಕೊ ಡ ಗಾಮನು ಕಾರವಾರದ ಸಮೀಪದ ಅಂಜದೀವದಲ್ಲಿ ತನ್ನ ಹಡಗುಗಳನ್ನು ಮಗುಚಿ ಅಡಿಯನ್ನು ಸರಿಪಡಿಸಿಕೊಂಡನು. ೧೫೦೫ರಲ್ಲಿ ಅಲ್ಮೇದನು ಅದೇ ದ್ವೀಪದಲ್ಲಿ ಕೋಟೆಯನ್ನು ಕಟ್ಟಿ, ಹೊನ್ನಾವರದ ರೇವಿಗೆ ನುಗ್ಗಿ ಅಲ್ಲಿಯ ಹಡಗುಗಳನ್ನು ಸುಟ್ಟನು. ಅಂದಿನಿಂದ ಹಡಗಿನ ಕೆಲಸವೇ ಮಾರ್ಪಟ್ಟಿತು. ಅದುವರೆಗೆ ಸರಕನ್ನೂ ಕುದುರೆಯನ್ನೂ ಹೊತ್ತು ಗಾಳಿಯೊಡನೆ ಬಾಳುವುದು ಅದರ ಕೆಲಸವಾಗಿತ್ತು. ಇನ್ನು ಫಿರಂಗಿಯನ್ನು ಹೊತ್ತು, ಅದರ ಹಿನ್ನೊದೆತವನ್ನು ತಾಳುವುದೂ ಬೇಕಾಯಿತು. ಬಳುಕುವ ಮೈಯ ಮೇಲೆ ಫಿರಂಗಿ ನಿಲ್ಲದು. ಹೊಲಿಗೆಯು ಸೋತುದು ಅಲೆಗಲ್ಲ, ಮದ್ದುಗುಂಡಿಗೆ.

ಆ ಮೇಲೆ ಮೊಳೆಯ ವಿದ್ಯೆಯಲ್ಲಿಯೂ ನಮ್ಮ ಬಡಗಿಗಳು ಯಾರಿಗೂ ಹಿಂದುಳಿಯಲಿಲ್ಲವೆಂಬುದಕ್ಕೆ ಮುಂಬಯಿಯೇ ಸಾಕ್ಷಿ. ೧೭೩೬ರಲ್ಲಿ ಸೂರತ್ತಿನಿಂದ ಬಂದ ಪಾರಸಿ ಬಡಗಿ ಲವ್‌ಜಿ ನಸರ್‌ವಾನ್‌ಜಿ ವಾಡಿಯಾನ ವಂಶದವರು ಇಲ್ಲಿಯ ಹಡಗುಕಟ್ಟೆಯಲ್ಲಿ ಆಂಗ್ಲರಿಗೆ ಕಟ್ಟಿಕೊಟ್ಟ ಸಾಗುವಾನಿಯ ಯುದ್ಧನೌಕೆಗಳು ಪ್ರಸಿದ್ಧವಾಗಿವೆ. ೧೮೧೭ರಲ್ಲಿ ನೀರಿಗಿಳಿದ ‘ಟ್ರಿಂಕೋಮಲೀ’ ಇಂಗ್ಲೆಂಡಿನಲ್ಲಿ ಇಂದಿಗೂ ತೇಲುತ್ತಿದೆ. ಓಕ್ ಮರದ ಹುಳಿಯು ಕಬ್ಬಿಣವನ್ನು ತಿನ್ನುತ್ತದೆ. ಸಾಗುವಾನಿಯ ಎಣ್ಣೆಯು ಅದನ್ನು ಕಾಪಾಡುತ್ತದೆ. ಮೊಳೆಯು ತನಗೆ ತಕ್ಕ ಮರವನ್ನು ಕಂಡುಕೊಂಡುದೂ ಪಡುಗರೆಯಲ್ಲಿಯೇ ಎನ್ನಬಹುದು.

೭

ಹೊಲಿಗೆಯ ವಿದ್ಯೆ ಒಮ್ಮೆಗೇ ಅಳಿಯಲಿಲ್ಲ. ಕೇರಳದ ಹಿನ್ನೀರಿನಲ್ಲಿ ‘ಕೆಟ್ಟುವಳ್ಳಂ’, ಅಂದರೆ ಕಟ್ಟಿದ ದೋಣಿ, ಇಂದಿಗೂ ಉಂಟು. ಕನ್ನಡದಲ್ಲಿಯೂ ನಾವು ಹಡಗನ್ನು ‘ಕಟ್ಟು’ತ್ತೇವೆ. ಕೆರೆಯನ್ನೂ ಮನೆಯನ್ನೂ ಕಟ್ಟುವ ನಮ್ಮ ನುಡಿಯಲ್ಲಿ ಈ ಒಂದು ಶಬ್ದದ ಮೇಲೆ ಹೆಚ್ಚಿನ ಭಾರವನ್ನು ಹೊರಿಸಲಾಗದು. ಆದರೆ ಹಡಗಿನ ವಿಷಯದಲ್ಲಿ ಆ ಮಾತು ಅಕ್ಷರಶಃ ನಿಜವಾಗಿದ್ದ ಕಾಲವೊಂದಿತ್ತು. ಅಮೀನದೀವಿ ದ್ವೀಪಗಳು ೧೯೫೬ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಜನರು ತಮ್ಮ ‘ಓಡ’ಗಳಲ್ಲಿ ಕತ್ತದ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಆ ದ್ವೀಪಗಳಲ್ಲಿ ದೋಣಿಯೂ ತೆಂಗಿನದು, ಅದನ್ನು ಹೊಲಿದ ಹುರಿಯೂ ತೆಂಗಿನದು, ಅದು ಹೊತ್ತ ಸರಕೂ ತೆಂಗಿನದು.

ಈ ವಿದ್ಯೆಯ ಸತ್ತ್ವವನ್ನು ಪರೀಕ್ಷಿಸಿದವರೂ ಇದ್ದಾರೆ. ಟಿಮ್ ಸೆವರಿನ್ ಎಂಬವರು ಒಮಾನಿನಲ್ಲಿ ಕಟ್ಟಿಸಿದ ‘ಸೋಹಾರ್’ ಎಂಬ ಹೊಲಿದ ಹಡಗು ೧೯೮೦ರ ನವೆಂಬರಿನಲ್ಲಿ ಮಸ್ಕತ್ತಿನಿಂದ ಹೊರಟು ಮರುವರ್ಷ ಚೀನದ ಕ್ಯಾಂಟನ್ನನ್ನು ಮುಟ್ಟಿತು. ಅದರ ಮರ ಹೋದುದು ನಮ್ಮ ಪಡುವಣ ಕರೆಯಿಂದ; ಅದಕ್ಕೆ ಸುಮಾರು ೪೦೦ ಮೈಲಿ ಉದ್ದದ ನಾರಿನ ಹುರಿ ಹಿಡಿಯಿತು; ಹೊಲಿದವರಲ್ಲಿ ಲಕ್ಷದ್ವೀಪದವರಿದ್ದರು. ತೀರ ಈಚೆಗೆ, ಅಜಂತೆಯ ಚಿತ್ರವನ್ನು ಆಧಾರವಾಗಿಟ್ಟುಕೊಂಡು, ಕೇರಳದ ಬಾಬು ಶಂಕರನ್ ಅವರ ಮೇಸ್ತ್ರಿಕೆಯಲ್ಲಿ ಗೋವೆಯಲ್ಲಿ ಹೊಲಿದು ಸಿದ್ಧಪಡಿಸಿದ ಹಡಗನ್ನು ಭಾರತೀಯ ನೌಕಾಪಡೆಯು ೨೦೨೫ರ ಮೇ ೨೧ರಂದು ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ಸ್ವೀಕರಿಸಿತು. ಅದರ ಹಾಯಿಯ ಮೇಲೆ ಗಂಡಭೇರುಂಡದ ಚಿಹ್ನೆಯಿದೆ. ಆ ವರ್ಷದ ಡಿಸೆಂಬರ್ ೨೯ರಂದು ಪೋರಬಂದರದಿಂದ ಹೊರಟು ಅದು ೨೦೨೬ರ ಜನವರಿಯಲ್ಲಿ ಮಸ್ಕತ್ತನ್ನು ಸೇರಿತು. ಚಿತ್ರವೊಂದೇ ಆಧಾರವಾಗಿದ್ದಾಗ ಅಳತೆಗಳನ್ನು ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಹೊಲಿಗೆಯನ್ನು ಮಾತ್ರ ಯಾವ ಲೆಕ್ಕವೂ ಕೊಡಲಾರದು. ಅದನ್ನು ಕೊಟ್ಟುದು ಪರಂಪರೆಯಿಂದ ಬಂದ ಕೈ. ಆ ಕೈ ಇಲ್ಲದಿದ್ದರೆ ಅಜಂತೆಯ ಹಡಗು ಗೋಡೆಯ ಮೇಲೆಯೇ ಉಳಿಯುತ್ತಿತ್ತು.

ಇಲ್ಲಿ ನಮ್ಮ ಕರ್ತವ್ಯವನ್ನು ಕುರಿತು ಒಂದು ಮಾತನ್ನು ಹೇಳಿ ಮುಗಿಸುವೆನು. ಮುಂಬಯಿಯ ಹಳೆಯ ಮನೆಗಳ ಮೇಲಿರುವ ಮಂಗಳೂರು ಹೆಂಚುಗಳಲ್ಲಿ ಅನೇಕವು ಪತ್ತೆಮಾರಿಗಳಲ್ಲಿ ಬಂದವು. ನಮ್ಮಲ್ಲಿ ಹಲವರ ಹಿರಿಯರೂ ಈ ನಗರಕ್ಕೆ ಬಂದುದು ಕಡಲದಾರಿಯಿಂದಲೇ. ಆದರೂ ಹಡಗಿನ ಅಂಗಾಂಗಗಳ ಹೆಸರುಗಳನ್ನು ಕೇಳಿದರೆ ಹಾಯಿ, ಕೂವೆ, ಚುಕ್ಕಾಣಿ, ಹುಟ್ಟು, ಲಂಗರು ಎಂಬಲ್ಲಿಗೆ ನಮ್ಮ ಮಾತು ನಿಂತುಹೋಗುತ್ತದೆ. ಈ ಲೇಖನದಲ್ಲಿಯೂ ‘ಅಡಿಮರ’, ‘ಪಕ್ಕೆಮರ’, ‘ಓರೆಗಳು’ ಎಂದು ನಾನು ವಿವರಿಸಿ ಹೇಳಬೇಕಾಯಿತು. ಬಡಗಿಯ ಬಾಯಲ್ಲಿ ಇವುಗಳಿಗೆ ಒಂದೊಂದೂ ಬೇರೆ ಹೆಸರು, ಊರಿಗೊಂದು ರೂಪ. ಕನ್ನಡ, ತುಳು, ಕೊಂಕಣಿ, ನವಾಯತಿ, ಬ್ಯಾರಿ, ಮರಾಠಿಗಳು ಬೆರೆತ ಆ ಪದಸಂಪತ್ತು ಗ್ರಂಥಗಳಿಗೆ ಇಳಿದುದಕ್ಕಿಂತ ಹಡಗುಕಟ್ಟೆಗಳಲ್ಲಿ ಉಳಿದುದೇ ಹೆಚ್ಚು. ಭಟ್ಕಳ, ಹೊನ್ನಾವರ, ಮಲ್ಪೆ, ಗಂಗೊಳ್ಳಿಗಳ ಮುದುಕರಲ್ಲಿ, ಮುಂಬಯಿಯ ಭಾವುಚಾ ಧಕ್ಕೆಯ ಹಳೆಯ ಖಲಾಸಿಗಳಲ್ಲಿ ಅದನ್ನು ಬಲ್ಲವರು ಇನ್ನೂ ಕೆಲವರಿರಬಹುದು. ವರ್ಷಕ್ಕೊಮ್ಮೆ ಊರಿಗೆ ಹೋಗುವ ನಮ್ಮ ಸದಸ್ಯರು ಒಂದು ಟಿಪ್ಪಣಿಯ ಪುಸ್ತಕವನ್ನು ಜೊತೆಯಲ್ಲಿ ಒಯ್ಯಲಿ. ಕಡಲಕರೆಯ ಮುದುಕನೊಬ್ಬನ ಬಳಿ ಕುಳಿತು, ಒಡೆದ ಮಂಜಿಯೊಂದರ ತುಂಡುಗಳನ್ನು ತೋರಿಸಿ, ‘ಇದಕ್ಕೇನೆನ್ನುವಿರಿ, ಅಜ್ಜ?’ ಎಂದು ಕೇಳಿ, ಬಂದ ಉತ್ತರವನ್ನು ಊರ ಹೆಸರಿನೊಡನೆ ಬರೆದುಕೊಳ್ಳಲಿ. ಎಕ್ಸಾರಿನ ಕಲ್ಲು ಹೇಳದೆ ಉಳಿಸಿದ ಮಾತನ್ನು ಹೇಳಬಲ್ಲವರು ಅವರೇ.